ಸ್ಪೀಕರಿಗೆ ಕಾಲು ಹುಡುಕಿದ ಬಾಮೈದ

ನಮ್ಮ ಬಾಮೈದನ ಎದುರಿಗೆ ಯಾವ ವಸ್ತುವನ್ನೂ ಚೆನ್ನಾಗಿದೆ ಎಂದು ಹೊಗಳಬಾರದು. ಹೊಗಳಿದಿರೋ, ‘ತೂಕ ಎಷ್ಟದೆ?’ ಎಂದು ಕೇಳುತ್ತಾನೆ. ಸೀರೆಯಾಗಲಿ, ಹಲಸಿನ ಹಣ್ಣಾಗಲಿ, ನೆನ್ನೆ ಹುಟ್ಟಿದ ಮಗುವಾಗಲಿ, ಅವನಿಗೆ ಬೇಕಾದ ಮಾಹಿತಿ ಅದೊಂದೇ. ನಾನು ಹೆಣ್ಣು ನೋಡಲು ಕಿರಂಗೂರಿಗೆ ಹೋದಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಬಾಗಿಲ ಸಂದಿಯಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಹೋಗಿ, ‘ಐವತ್ತು ಕೇಜಿ ಮೇಲಿಲ್ಲ ಕಣಕ್ಕ. ಗಾಳಿ ಬೀಸಿದ್ರೆ ನೀನೇ ಇಡ್ಕಬೇಕಾಯ್ತದೆ’ ಎಂದು ವರದಿ ಒಪ್ಪಿಸಿದ್ದನಂತೆ. ಅವಳು ಹಾಗಿದ್ದೂ ಒಪ್ಪಿಕೊಂಡಳು. ಮೂವತ್ತೊಂದು ವರ್ಷ ಹಿಡಿದುಕೊಂಡೂ ಇದ್ದಳು.

ಇಂಥವನಿಗೆ ಸಿಕ್ಕಿದ ಕೆಲಸವಾದರೂ ಯಾವುದು? ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ತೂಗುವ ವೇಬ್ರಿಡ್ಜು. ದೇವರು ಒಮ್ಮೊಮ್ಮೆ ಅಳತೆ ತೆಗೆದು ಹೊಲಿಯುತ್ತಾನೆ. ಅವನು ದಿನಾ ಬೆಳಿಗ್ಗೆ ಅದರ ಮೇಲೆ ನಿಂತು ತನ್ನ ತೂಕವನ್ನೂ ನೋಡಿಕೊಳ್ಳುತ್ತಾನೆ. ಲಾರಿ ತೂಗುವ ಯಂತ್ರ ಅದು. ಹತ್ತು ಕೇಜಿಗಿಂತ ಕಡಿಮೆ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಊಟಕ್ಕೆ ಮೊದಲು ಅವನ ತೂಕ ಎಪ್ಪತ್ತು, ಊಟವಾದ ಮೇಲೆ ಎಂಬತ್ತು. ಅದನ್ನು ಅವನು ನಂಬುತ್ತಾನೆ.

ನನ್ನ ಹೆಂಡತಿ ಹೋಗಿ ನಾಲ್ಕು ತಿಂಗಳಾಗಿತ್ತು. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅದರ ಬಾಗಿಲು ತೆಗೆದಿರಲಿಲ್ಲ. ಹಾಲು ತರುವುದಕ್ಕೆ ಬಿಟ್ಟರೆ ನಾನು ಹೊಸಲು ದಾಟುತ್ತಿರಲಿಲ್ಲ. ಅವಳಿದ್ದಾಗ ನಮ್ಮ ಮನೆಗೆ ರೇಡಿಯೋ ಬೇಕಾಗಿರಲಿಲ್ಲ. ನನ್ನ ಜೊತೆ ಮಾತಾಡುವಳು, ನಲ್ಲಿಯ ಜೊತೆ ಮಾತಾಡುವಳು, ಉಕ್ಕುವ ಹಾಲಿಗೆ ‘ತಡಿ, ಬಂದೆ’ ಎನ್ನುವಳು. ಈಗ ಹಾಲು ಹೇಳದೆ ಕೇಳದೆ ಉಕ್ಕುತ್ತಿತ್ತು.

ಒಂದು ಭಾನುವಾರ ಬಾಮೈದ ಬಂದ. ಬಾಗಿಲಲ್ಲೇ ನಿಂತು ಒಳಗಿನ ನಿಶ್ಶಬ್ದವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಅದನ್ನೂ ತೂಗಿದನೋ ಏನೋ. ‘ಈ ಮನೇಲಿ ಸದ್ದಿಲ್ಲ ಭಾವ. ಇಂಗಿದ್ರೆ ನೀವು ಉಳಿಯಾಕಿಲ್ಲ’ ಎಂದು ಹೇಳಿ ಹೊರಟುಹೋದ. ಮುಂದಿನ ಭಾನುವಾರ ಗೂಡ್ಸ್ ಆಟೋದಲ್ಲಿ ಎರಡು ಕರಿ ಪೆಟ್ಟಿಗೆ ತಂದಿಳಿಸಿದ. ಮೈಸೂರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ಸ್ಪೀಕರುಗಳಂತೆ.

‘ಒಂದೊಂದೂ ಹದಿನಾಲ್ಕು ಕೇಜಿ’ ಎಂದ, ತನ್ನದೇ ಅವಳಿ ಮಕ್ಕಳ ವಿಷಯ ಹೇಳುವವನ ಹಾಗೆ. ‘ಬುಕ್ ಶೆಲ್ಫ್ ಸ್ಪೀಕರು ಅಂತಾರೆ ಇದ್ಕೆ.’

ನಮ್ಮ ಮನೆಯಲ್ಲಿ ಬುಕ್ಕು ಎಂದರೆ ಒಂದು ಪಂಚಾಂಗ, ಒಂದು ಪಾಸ್‌ಬುಕ್ಕು, ಗಿರಾಕಿಗಳ ಅಳತೆ ಬರೆದಿಡುವ ಒಂದು ನೋಟ್‌ಪುಸ್ತಕ. ಶೆಲ್ಫು ಎಂದರೆ ಗೋಡೆಗೆ ಹೊಡೆದ ಒಂದು ಹಲಗೆ. ಆ ಹಲಗೆ ಪಂಚಾಂಗದ ಭಾರಕ್ಕೇ ಯುಗಾದಿಯಿಂದ ಯುಗಾದಿಗೆ ಒಂದಿಷ್ಟು ಬಾಗುತ್ತಾ ಬಂದಿದೆ!

ಸದ್ಯಕ್ಕಿರಲಿ ಎಂದು ಎರಡು ಸ್ಟೂಲಿನ ಮೇಲೆ ಇಟ್ಟೆವು. ಯಾವುದೋ ಹಳೆಯ ಹಾಡು ಹಾಕಿದ. ತಬಲ ಶುರುವಾದದ್ದೇ ತಡ, ಎಡಗಡೆಯ ಸ್ಟೂಲು ಬಾಗಿಲ ಕಡೆಗೆ ನಡೆಯಲು ಶುರು ಮಾಡಿತು. ನಿಧಾನವಾಗಿ, ಹೇಳದೆ ಕೇಳದೆ ಮದುವೆಮನೆಯಿಂದ ಎದ್ದು ಹೋಗುವ ನೆಂಟನ ಹಾಗೆ. ಎರಡನೆಯ ಚರಣಕ್ಕೆ ಬಾಮೈದ ಅದನ್ನು ತಬ್ಬಿಕೊಂಡು ನಿಂತಿದ್ದ.

‘ತೆಪ್ಪೇನಿಲ್ಲ ಭಾವ, ಸ್ಪೀಕರು ಚಿನ್ನ. ಕಾಲು ಸರಿ ಇಲ್ಲ ಅಷ್ಟೆಯ. ಕಾಲು ಅಲ್ಲಾಡಿದ್ರೆ ಸದ್ದೂ ಅಲ್ಲಾಡ್ತದೆ. ಫೋನಲ್ಲಿ ನೋಡಿವ್ನಿ. ಒಳ್ಳೆ ಸ್ಟ್ಯಾಂಡು ಬೇಕು. ಎದ್ದೇಳಿ, ಪಾಂಡವಪುರಕ್ಕೋಗನ.’

‘ನೀನೇ ಹೋಗಿ ತಂದುಬಿಡಯ್ಯ.’

‘ಆಗಾಕಿಲ್ಲ. ಬೈಕಲ್ಲಿ ಇಂದ್ಗಡೆ ಕೂತು ಇಡ್ಕೊಳಾಕೆ ಒಬ್ರು ಬೇಕು.’

ಹೀಗೆ ನಾನು ನಾಲ್ಕು ತಿಂಗಳ ಮೇಲೆ ಹೊಸಲು ದಾಟಿದೆ, ಸ್ಟ್ಯಾಂಡು ಹಿಡಿದುಕೊಳ್ಳುವ ಆಳಾಗಿ.

ಪಾಂಡವಪುರದ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡುಗಳು ಸಾಲಾಗಿದ್ದವು. ಬಾಮೈದ ಒಂದೊಂದನ್ನೂ ತಟ್ಟಿದ, ಜಗ್ಗಿದ. ಆಮೇಲೆ ಚಪ್ಪಲಿ ಬಿಟ್ಟು, ಒಂದರ ಮೇಲೆ ಹತ್ತಿ ನಿಂತೇಬಿಟ್ಟ. ಅಂಗಡಿಯವನು ಟೀ ಲೋಟ ಕೆಳಗಿಟ್ಟ.

‘ಯಜಮಾನ್ರೆ, ಇಳೀರಿ. ಅದು ಹೂವಿನ್ ಕುಂಡ ಇಡೋದು.’

‘ಮನ್ಸನ್ನೇ ತಡೀದಿದ್ದು ಹಾಡು ತಡೆದಾತಾ?’

‘ಇಲ್ಗಂಟ ಯಾವ್ ತುಳ್ಸಿ ಗಿಡಾನೂ ಕಂಪ್ಲೇಂಟ್ ಮಾಡಿಲ್ಲ ಸಾಮಿ.’

ಸ್ಟ್ಯಾಂಡು ಮುರಿಯಲಿಲ್ಲ. ಆದರೂ ಬಾಮೈದನಿಗೆ ಸಮಾಧಾನವಿಲ್ಲ. ಅಂಗಡಿಯವನನ್ನು ಪುಸಲಾಯಿಸಿ, ಸ್ಟ್ಯಾಂಡನ್ನು ತನ್ನ ವೇಬ್ರಿಡ್ಜಿಗೆ ಒಯ್ದು, ನಡುಮಧ್ಯದಲ್ಲಿ ಇಟ್ಟ. ಕಬ್ಬು ತುಂಬಿದ ಮೂರು ಟ್ರಾಕ್ಟರು ದಾರಿ ಬಿಟ್ಟು ನಿಂತಿದ್ದವು. ಪರದೆಯ ಮೇಲೆ ಸೊನ್ನೆ ಬಂತು. ಬಾಮೈದ ನನ್ನ ಕಡೆ ತಿರುಗಿ, ‘ನೋಡುದ್ರಾ ಭಾವ, ಇದ್ರಲ್ಲಿ ತೂಕವೇ ಇಲ್ಲ’ ಎಂದ. ಹಿಂದಿನ ಟ್ರಾಕ್ಟರಿನವನು ಕೂಗಿದ: ‘ಅಣ್ಣೋ, ಅದ್ಕೂ ರಸೀದಿ ಕೊಡ್ತಿಯೋ, ಇಲ್ಲ ನಮ್ದು ನೋಡ್ತಿಯೋ?’

ಸ್ಟ್ಯಾಂಡು ವಾಪಸು ಹೋಯಿತು.

ಮುಂದಿನ ಭಾನುವಾರ ಕೆ.ಆರ್. ಪೇಟೆ. ಅಲ್ಲಿನ ಒಬ್ಬ ವೆಲ್ಡಿಂಗಿನವನಿಗೆ ಬಾಮೈದ ಚೌಕ ಪೈಪಿನ ಸ್ಟ್ಯಾಂಡು ಮಾಡಲು ಹೇಳಿದ್ದ. ಹೋದರೆ ಇನ್ನೂ ಎರಡು ಗಂಟೆ ಬೇಕೆಂದ. ಸುಮ್ಮನೆ ಕೂರುವ ಜಾತಿಯೇ ನಮ್ಮ ಬಾಮೈದ? ಪಕ್ಕದ ಹೊಸಹೊಳಲಿನ ಹಳೆಯ ಕಲ್ಲು ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಜನ ಅಲ್ಲಿಗೆ ಹೋದರೆ ಹೊರಗೋಡೆಯ ಶಿಲ್ಪ ನೋಡುತ್ತಾರೆ. ಇವನು ಒಳಗೆ ಕಂಬ ನೋಡಿದ. ಕಡೆದು ನುಣುಪು ಮಾಡಿದ ಕರಿ ಕಂಬ, ಮುಖ ಕಾಣುವಂಥದ್ದು. ಒಮ್ಮೆ ಸುತ್ತು ಬಂದ. ಆಮೇಲೆ ಭುಜ ಕೊಟ್ಟು ನೂಕತೊಡಗಿದ.

ಅಲ್ಲಿ ನೋಡಿಕೊಳ್ಳುವ ಮುದುಕರೊಬ್ಬರು ಎದ್ದು ಬಂದರು. ‘ಏನ್ಲಾ ಮಾಡ್ತಾ ಇದ್ದೀಯೆ?’

‘ಅಲ್ಲಾಡ್ತದಾ ಅಂತ ನೋಡ್ತಾವ್ನಿ.’

‘ಏಳೆಂಟುನೂರು ವರ್ಸದಿಂದ ನಿಂತದೆ ಕಣ್ಲಾ. ನಿನ್ ಭುಜಕ್ಕೆ ಕಾಯ್ತಾ ಇತ್ತಾ?’

‘ಇಂಥವ್ ಗಿಡ್ಡುಕ್ಕೆ ಎಲ್ಡು ಸಿಕ್ಕಿದ್ರೆ ಆಯ್ತಿತ್ತು ತಾತ’ ಎಂದು ಬಾಮೈದ ನಿಟ್ಟುಸಿರು ಬಿಟ್ಟ. ಮುದುಕರು ನನ್ನ ಮುಖ ನೋಡಿದರು. ಇವನ ಮನೆಯವರು ನೀವೇನಾ ಎಂದು ಕೇಳುವ ನೋಟ. ನಾನು ದೇವರ ಕಡೆ ತಿರುಗಿ ಕೈ ಮುಗಿದೆ.

ಪೈಪಿನ ಸ್ಟ್ಯಾಂಡು ಮನೆಗೆ ಬಂತು. ಆದರೆ ಪೈಪು ಪೊಳ್ಳಲ್ಲವೇ? ಒಳಗೆ ಮರಳು ತುಂಬಬೇಕೆಂದು ಅವನ ಫೋನು ಹೇಳಿತ್ತು. ಕಾವೇರಿ ಇರುವುದು ನಮ್ಮ ಮನೆಯಿಂದ ಕೂಗಳತೆಯಲ್ಲಿ. ಆದರೂ ಬಾಮೈದ ತಲೆ ಆಡಿಸಿದ. ‘ಹೊಳೆ ಮಳ್ಳು ಮುಟ್ಟಿದ್ರೆ ಕೇಸಾಯ್ತದೆ ಭಾವ. ಸ್ಪೀಕರಿಗೆ ಅಂದ್ರೆ ಪೊಲೀಸ್ನೋರು ನಂಬಾರಾ?’ ಎಂದವನು ಮಾರನೆಯ ಭಾನುವಾರ ಹೆಗಲ ಮೇಲೆ ಚೀಲ ಹೊತ್ತು ತಂದ. ಚೀಲದ ತುಂಬ ರಾಗಿ!

‘ರಾಗಿ ಮಳ್ಳಿಗಿಂತ ಸಣ್ಕಿರ್ತದೆ. ಹುಳ ಬೀಳಾಕಿಲ್ಲ. ನಮ್ ತಾತ ಹಗೇವಲ್ಲಿ ಹತ್ತು ವರ್ಸ ಇಡ್ತಿದ್ದ.’

ನೆಲದಡಿಯ ಹಗೇವಿನಲ್ಲಿ ರಾಗಿ ಕೆಡದೆ ಉಳಿಯುತ್ತಿದ್ದುದು ನಿಜ. ಆದರೆ ಅವರ ತಾತ ಹಗೇವಿನ ಬಾಯಿಗೆ ದಿನಾ ನೀರು ಸುರಿಯುತ್ತಿರಲಿಲ್ಲ. ನಾನು ಸುರಿಯುತ್ತಿದ್ದೆ. ನೆಲ ಒರೆಸುವುದೆಂದರೆ ಒಂದು ಬಕೆಟ್ ನೀರು ಹರಿಸಿ ಬಳಿಯುವುದು ಎಂದು ನನ್ನ ಹೆಂಡತಿಯ ಕಾನೂನು. ಅವಳು ಹೋದ ಮೇಲೆ ಅದೊಂದನ್ನು ತಪ್ಪಿಸದೆ ನಡೆಸಿಕೊಂಡು ಬಂದಿದ್ದೆ. ಆರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಸ್ಟ್ಯಾಂಡಿನ ಬುಡದ ಸಂದಿಯಲ್ಲೆಲ್ಲ ಎಳೆಹಸಿರು ಮೊಳಕೆ ತಲೆ ಎತ್ತಿ ನಿಂತಿದೆ. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಬಗ್ಗಿ ನೋಡಿದರು.

‘ಏನಣ್ಣ, ಹಾಲ್ನಲ್ಲೇ ಪೈರು ಬುಟ್ಟಿದ್ದೀರಾ? ನಾಟಿಗೆ ಆಳ್ ಸಿಕ್ಕಿದ್ರಾ?’

ಬಾಮೈದನಿಗೆ ಫೋನು ಮಾಡಿದೆ. ಅವನು, ‘ನೀರ್ ಕುಡ್ದದೆ ಅಂದ್ರೆ ತೂಕ ಜಾಸ್ತಿ ಆಯ್ತದೆ. ಒಳ್ಳೇದೇ ಅಲ್ವಾ ಭಾವ?’ ಎಂದ. ನಾನು ನಕ್ಕುಬಿಟ್ಟೆ. ನಕ್ಕು, ನನ್ನ ಸದ್ದಿಗೆ ನಾನೇ ಬೆಚ್ಚಿ, ಅಡುಗೆಮನೆಯ ಕಡೆ ನೋಡಿದೆ. ಅಷ್ಟು ಜೋರಾಗಿ ನಕ್ಕರೆ ಅಲ್ಲಿಂದ ‘ಏನಂತೆ?’ ಎಂಬ ಪ್ರಶ್ನೆ ಬರುವುದು ವಾಡಿಕೆ.

ಎಂಟನೆಯ ದಿನಕ್ಕೆ ರಾಗಿ ನಾರಲು ಶುರುವಾಯಿತು. ಹಸುವೊಂದು ಅದನ್ನು ಸಂತೋಷವಾಗಿ ತಿಂದಿತು. ಪೈಪು ಗುಜರಿಗೆ ಹೋಯಿತು.

ಕೊನೆಗೆ ನಾಗಮಂಗಲ. ಅಲ್ಲಿ ಮರಗೆಲಸದ ಒಬ್ಬ ವಯಸ್ಸಾದ ಆಚಾರರು ಇದ್ದಾರೆಂದು ಯಾರೋ ಟ್ರಾಕ್ಟರಿನವನು ಹೇಳಿದ್ದನಂತೆ. ಬಾಮೈದ ಸ್ಪೀಕರಿನ ತೂಕ, ಅಗಲ, ಎತ್ತರ ಎಲ್ಲ ಒದರಿದ. ಆಚಾರರು ಕಿವಿಗೇ ಹಾಕಿಕೊಳ್ಳಲಿಲ್ಲ.

‘ಡಬ್ಬದ ಸುದ್ದಿ ಆಮ್ಯಾಕೆ. ಕೂತ್ಕಂಡು ಕೇಳೋರು ಯಾರು?’

ಬಾಮೈದ ನನ್ನನ್ನು ತೋರಿಸಿದ. ಆಚಾರರು ನನ್ನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಒಂದು ಮರದ ರೀಪು ತಂದು ಪಕ್ಕದಲ್ಲಿ ನಿಲ್ಲಿಸಿ, ನನ್ನ ಕಿವಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಹೋದವರು ಕೈ ತಡೆದರು. ಜೀವಮಾನವೆಲ್ಲ ನಾನು ಊರವರ ಅಳತೆ ತೆಗೆದವನು. ನನ್ನ ಅಳತೆ ಯಾರೂ ತೆಗೆದಿರಲಿಲ್ಲ. ಮೈ ಮುದುರಿಕೊಂಡಿದ್ದೆ.

‘ನೆಟ್ಗೆ ಕೂತ್ಕಳಿ ಸಾಮಿ.’

‘ನಾನು ಕೂರೋದೇ ಹೀಗೆ ಆಚಾರ್ರೆ.’

‘ಈವತ್ತು ಇಂಗೆ ಕೂತಿದ್ದೀರಿ. ಕುಗ್ಗಿರೋ ಅಳ್ತೆಗೆ ಮಾಡ್ಬುಟ್ರೆ, ನೀವು ನೆಟ್ಗಾದ್ಮೇಲೆ ಗಿಡ್ಡ ಆಯ್ತದೆ. ಆವಾಗ ಬಂದು ನನ್ನ ಬಯ್ತೀರಿ.’

ನಾನು ನೆಟ್ಟಗೆ ಕೂತೆ. ಅವರು ಗೆರೆ ಎಳೆದರು.

‘ಹಲಸಿನ ಮರ. ಮೂರು ಕಾಲು’ ಎಂದರು.

ಬಾಮೈದ ಹೌಹಾರಿದ. ‘ನಾಕ್ ಬ್ಯಾಡ್ವಾ? ಹದಿನಾಕು ಕೇಜಿ ಕಣಿ ಆಚಾರ್ರೆ.’

‘ನಾಕಿದ್ರೆ ಒಂದು ಯಾವಾಗ್ಲೂ ಸೋಮಾರಿ. ಮೂರಿದ್ರೆ ಮೂರೂ ನೆಲ ಇಡ್ಕತವೆ. ನೆಲ ಎಂಗಾರ ಇರ್ಲಿ, ಅಲ್ಲಾಡಾಕಿಲ್ಲ. ನೀನು ಎಮ್ಮೆ ತಂದು ಕಟ್ಟಿದ್ರೂವೆ.’

ಮಾರನೆಯ ದಿನ ನಾನು ಅಂಗಡಿಯ ಬಾಗಿಲು ತೆಗೆದೆ. ಯಾರದೋ ಪ್ಯಾಂಟು ಐದು ತಿಂಗಳಿಂದ ಅರ್ಧಕ್ಕೆ ನಿಂತಿತ್ತು. ಅಷ್ಟರಲ್ಲಿ ಅದರ ಯಜಮಾನನ ಸೊಂಟ ಬೆಳೆದಿತ್ತು. ಬಿಚ್ಚಿ ಹೊಲಿದೆ.

ಮೂರು ವಾರದ ಮೇಲೆ ಜೋಡಿ ಸ್ಟ್ಯಾಂಡು ಬಂತು. ಜೇನಿನ ಬಣ್ಣದ ಹಲಸು, ಒಂದೊಂದಕ್ಕೂ ದಪ್ಪ ಮೂರು ಕಾಲು, ಒಂದು ಮೊಳೆಯೂ ಕಾಣದು. ಸ್ಪೀಕರು ಇಟ್ಟೆವು. ಹಾಡು ಹಾಕಿದೆವು. ಹಾಡು ಇಡೀ ಪಡಸಾಲೆಗೆ ಹರಡಿ, ಅಡುಗೆಮನೆಗೆ ಹೋಗಿ, ಹಿತ್ತಲಿಗೂ ಹೋಗಿ ಬಂತು. ಸ್ಟ್ಯಾಂಡು ಕೂದಲೆಳೆಯಷ್ಟೂ ಕದಲಲಿಲ್ಲ. ಬಾಮೈದ ಬೆರಳಲ್ಲಿ ನೂಕಿದ, ಅಂಗೈಯಲ್ಲಿ ನೂಕಿದ, ಸೊಂಟ ಕೊಟ್ಟು ನೂಕಿದ. ಮಂಡಿಯೂರಿ ಒಂದೊಂದು ಕಾಲಿನಡಿಗೂ ಬೆರಳು ತೂರಿಸಿ ನೋಡಿದ. ಸಂದಿಲ್ಲ.

‘ಸರಿಯಾಗಿ ನಿಂತದೆ ಭಾವ’ ಎಂದ.

ಎರಡು ತಿಂಗಳು ಮೂರು ತಾಲ್ಲೂಕು ಸುತ್ತಿ ಹುಡುಕಿದ ವಸ್ತು ಸಿಕ್ಕಿದವನ ಮುಖ ಹಾಗಿರುತ್ತದೆಯೇ? ಪರೀಕ್ಷೆಯಲ್ಲಿ ನಪಾಸಾದವನ ಹಾಗಿದ್ದ. ಕಾಫಿ ಕುಡಿದ. ಲೋಟವನ್ನು ತಾನೇ ತೊಳೆದಿಟ್ಟ. ಹೆಲ್ಮೆಟ್ಟು ಎತ್ತಿಕೊಂಡ.

‘ಇನ್ನೇನು, ಮುಗೀತಲ್ಲ. ಬರ್ತೀನಿ ಭಾವ.’

ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ. ಮೆಟ್ಟಿದ ಚಪ್ಪಲಿಯನ್ನೇ ಇನ್ನೊಮ್ಮೆ ಬಿಟ್ಟು ಮೆಟ್ಟಿದ. ಬೀದಿಯಲ್ಲಿ ಯಾರದೋ ಮನೆಗೆ ಒಬ್ಬ ತಮ್ಮ ಅಕ್ಕನಿಗೆ ಗೌರಿ ಬಾಗಿನ ಹೊತ್ತುಕೊಂಡು ಹೋಗುತ್ತಿದ್ದ. ಹಬ್ಬ ಹತ್ತಿರ ಬಂದಿದೆ ಎಂದು ಆಗ ನನಗೆ ನೆನಪಾಯಿತು. ಬಾಮೈದ ಆ ಹುಡುಗನನ್ನು ತಿರುವಿನವರೆಗೂ ನೋಡುತ್ತಾ ನಿಂತ.

ಮೂವತ್ತೊಂದು ವರ್ಷ ಅವನಿಗೆ ಈ ಮನೆಗೆ ಬರಲು ಕಾರಣ ಬೇಕಾಗಿರಲಿಲ್ಲ. ಅಕ್ಕ ಇದ್ದಳು. ಇನ್ನು ಯಾವ ನೆಪ ಹೇಳಿಕೊಂಡು ಬಂದಾನು? ನನ್ನನ್ನು ಹೊಸಲು ದಾಟಿಸುವುದಕ್ಕೆ ಅವನು ಇಷ್ಟೆಲ್ಲ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ಈ ಹೊಸಲು ದಾಟಿ ಒಳಗೆ ಬರುವುದಕ್ಕೂ ಏನಾದರೊಂದು ಬೇಕಿತ್ತು. ನನಗೆ ಹೊಳೆದೇ ಇರಲಿಲ್ಲ.

‘ಏ, ಬಾರಯ್ಯ ಇಲ್ಲಿ’ ಎಂದೆ. ‘ಎಡಗಡೇದು ಯಾಕೋ ಸ್ವಲ್ಪ ಅಲ್ಲಾಡ್ತದೆ.’

ಅವನು ತಿರುಗಿ ಸ್ಟ್ಯಾಂಡನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

‘ಊ ಕಣಿ ಭಾವ’ ಎಂದ, ಹೆಲ್ಮೆಟ್ಟು ಕೆಳಗಿಟ್ಟು. ‘ನಂಗೂ ಅಂಗೇ ಅನ್ನುಸ್ತು. ಬರೋ ಭಾನ್ವಾರ ನೋಡ್ಬುಡನ.’