ಸಿರಿಲ್ ಬಾಯಿ ಬಿಟ್ಟ ದಿನ

ಸಿರಿಲ್ ಗ್ರಿಮ್‌ಶಾನ ದಿನ ಕೆಟ್ಟದ್ದು ಒಂದು ಮೀನಿನ ಮುಳ್ಳಿನಿಂದ. ಇಂಗ್ಲೆಂಡಿನ ದಕ್ಷಿಣದ ಕಡಲಿನ ವೈಟ್ ದ್ವೀಪದ ವಸತಿಮನೆಯಲ್ಲಿ ಬೆಳಗಿನ ತಿಂಡಿ ನುಂಗುತ್ತಿದ್ದಾಗ ಒಡತಿ ಮಿಸೆಸ್ ಪ್ರೌಟ್ ಬಂದು ತಲೆಯ ಮೇಲೆ ನಿಂತಳು.

"ಮುಂದಿನ ವರ್ಷಕ್ಕೂ ಅದೇ ಕೋಣೆ ತಾನೆ?"

ಬೇಡ ಎನ್ನಲು ಬಾಯಿ ತೆರೆದ. ಮುಳ್ಳು ಅಡ್ಡ ನಿಂತಿತು. ಕಣ್ಣಲ್ಲಿ ನೀರು ಬಂತು.

"ಅಳ್ಬೇಡಿ, ಕೊಡ್ತೀನಿ. ಸಾಯಂಕಾಲ ಖಾತ್ರಿ ಮಾಡಿ," ಎಂದು ಅವಳು ನಡೆದೇಬಿಟ್ಟಳು.

ಹನ್ನೊಂದು ವರ್ಷದಿಂದ ಇದೇ ಹಾಡು. ಅವನ ಊರು ಓಲ್ಡಮ್ಮಿನ ನೂಲಿನ ಗಿರಣಿ ವರ್ಷಕ್ಕೊಂದು ವಾರ ಬಾಗಿಲು ಹಾಕುತ್ತದೆ. ಆ ವಾರ ಇಡೀ ಬೀದಿಯೇ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದು ಬೀಳುತ್ತದೆ. ಯಾವ ಮುಖಗಳನ್ನು ನೋಡಿ ನೋಡಿ ಸಾಕಾಗಿರುತ್ತದೋ ಅವೇ ಮುಖಗಳು, ಇಲ್ಲಿ ಒದ್ದೆ ಕೋಟಿನೊಳಗೆ. ಸಿರಿಲ್‌ಗೆ ಬೇಕಾಗಿದ್ದದ್ದು ಇಷ್ಟೇ: ಮುಂದಿನ ವರ್ಷ ಆ ಒಂದು ವಾರ, ಬೀದಿಯಲ್ಲಿ ನರಪಿಳ್ಳೆಯೂ ಇಲ್ಲದಾಗ, ತನ್ನ ಮನೆಯಲ್ಲಿ, ತನ್ನ ಕುರ್ಚಿಯಲ್ಲಿ, ಕಾಲು ಚಾಚಿ ತೆಪ್ಪಗೆ ಕೂರುವುದು.

ತಿಂಡಿಯಾದದ್ದೇ ಒಡತಿ ಎಲ್ಲರನ್ನೂ ಕೋಳಿಗಳ ಹಾಗೆ ಹೊರಗಟ್ಟಿ ಬಾಗಿಲು ಜಡಿದಳು. ಸಂಜೆಯ ಚಹಾದವರೆಗೆ ಒಳಗೆ ಕಾಲಿಡುವಂತಿಲ್ಲ. ಆಕಾಶವೇ ಕಳಚಿ ಬಿದ್ದರೂ ಇದೇ ಕಾನೂನು. ಮಳೆಯಂತೂ ಸೂಜಿಯ ಹಾಗೆ ಚುಚ್ಚುತ್ತಿತ್ತು. ದ್ವೀಪ ಸುತ್ತಿಸಿ ತೋರಿಸುವ ಬಸ್ಸು ಹತ್ತದೆ ಗತಿಯಿರಲಿಲ್ಲ.

"ಎಡಗಡೆ ದೀಪಸ್ತಂಭ," ಎಂದ ಡ್ರೈವರ್ ರೆಜ್. ಎಡಗಡೆ ಮಂಜು ಮಾತ್ರ ಇತ್ತು. "ಮೊನ್ನೆ ತನಕ ಇತ್ತಪ್ಪ."

"ಎಷ್ಟು ಚಂದ, ಅಲ್ವಾ?" ಎಂದಳು ಪಕ್ಕದ ಮನೆಯ ಮಿಸೆಸ್ ಟ್ಯಾಟರ್ಸಲ್. ಬಸ್ಸಿಗೆ ಬಸ್ಸೇ "ಚಂದ, ಚಂದ" ಎಂದು ಗೋಣು ಆಡಿಸಿತು.

ಬಸ್ಸಿಳಿದರೆ, ಬಣ್ಣಬಣ್ಣದ ಮರಳಿಗೆ ಹೆಸರಾದ ಬಂಡೆಗಳು ತೊಳೆಯದ ಪಾತ್ರೆಗಳಂತೆ ಬೂದಿ ಬಡಿದು ನಿಂತಿದ್ದವು. ಸಿರಿಲ್ ಮೊಟ್ಟೆ ಬ್ರೆಡ್ಡು ಬಿಚ್ಚಿದ. ಗಾಳಿ ಅದರ ಮೇಲೆ ಮರಳು ಉದುರಿಸಿತು. ಅದನ್ನೇ ಕಚ್ಚಲು ಹೋದ. ಕಡಲಹಕ್ಕಿಯೊಂದು ಎರಗಿ ಬ್ರೆಡ್ಡನ್ನೂ ಟೋಪಿಯನ್ನೂ ಒಟ್ಟಿಗೆ ಹೊತ್ತೊಯ್ದಿತು.

"ಅದಕ್ಕೂ ರಜ ಕಣೋ, ತಿನ್ಲಿ ಬಿಡು," ಎಂದ ಎದುರುಮನೆಯ ಹೋರಸ್ ಪಿಲ್ಲಿಂಗ್. "ಬೋಳುತಲೆಗೆ ಒಳ್ಳೆ ಗಾಳಿ. ಚೆನ್ನಾಗಿಲ್ವಾ?"

"ಇಲ್ಲ!" ಸಿರಿಲ್ ಕಿರುಚಿದ. "ಚೆನ್ನಾಗಿಲ್ಲ! ಹನ್ನೊಂದು ವರ್ಷದಲ್ಲಿ ಒಂದು ದಿನವೂ ಚೆನ್ನಾಗಿರ್ಲಿಲ್ಲ! ಈ ದ್ವೀಪ ಮುಳುಗಿ ಹೋಗ್ಲಿ! ಮುಂದಿನ ವರ್ಷ ನಾನು ಬರಲ್ಲ, ಮನೇಲೇ ಇರ್ತೀನಿ!"

ಹೆಂಡತಿ ಮಾವಿಸ್ ಕೊಡೆಯೊಳಗೆ ಮುಖ ಹುದುಗಿಸಿಕೊಂಡಳು.

ಆಗ ಮಿಸೆಸ್ ಟ್ಯಾಟರ್ಸಲ್ ಗೊಳೋ ಎಂದಳು. "ನಂಗೂ ಈ ದ್ವೀಪ ಕಂಡ್ರೆ ಮೈ ಉರಿಯುತ್ತೆ! ನೀವೆಲ್ಲ ಬರ್ತೀರಲ್ಲ ಅಂತ ಬರ್ತಿದ್ದೆ!"

"ಅಯ್ಯೋ, ನೀವು ಬರ್ತೀರಲ್ಲ ಅಂತ ನಾವು!" ಎಂದ ಹೋರಸ್.

"ನಾನು ಹುಟ್ಟಿದ್ದೇ ಇಲ್ಲಿ. ನಂಗೂ ಆಗಲ್ಲ," ಎಂದ ರೆಜ್.

ಮಳೆಯಲ್ಲೇ ಎಲ್ಲರೂ ಅಪ್ಪಿಕೊಂಡರು. ಸಿರಿಲ್‌ನ ಎದೆ ಹಗುರಾಯಿತು. ಅಷ್ಟರಲ್ಲಿ ಹೋರಸ್ ಅವನ ಬೆನ್ನಿಗೆ ಬಾರಿಸಿದ.

"ಭೇಷ್ ಕಣೋ! ಮುಂದಿನ ವರ್ಷ ನಾವೂ ಎಲ್ಲೂ ಹೋಗಲ್ಲ. ವಾರಪೂರ್ತಿ ನಿನ್ ಮನೇಲೇ! ಬೆಳಗ್ಗೆ ತಿಂಡಿ ಮುಗಿಸಿ ಬಂದುಬಿಡ್ತೀವಿ."

"ನಾನು ಪಿಯಾನೋ ತರಿಸ್ತೀನಿ," ಎಂದಳು ಮಿಸೆಸ್ ಟ್ಯಾಟರ್ಸಲ್.

ಸಿರಿಲ್ ಬಾಯಿ ತೆರೆದ. ಈ ಸಲ ಗಂಟಲಲ್ಲಿ ಏನೂ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ.

ಸಂಜೆ ಬಾಗಿಲು ತೆರೆದದ್ದೇ ಅವನು ಕೋಣೆ ಖಾತ್ರಿ ಮಾಡಲು ಒಡತಿಯ ಬಳಿಗೆ ಓಡಿದ. ಇವರೆಲ್ಲ ಓಲ್ಡಮ್ಮಿನಲ್ಲಿರುವಾಗ ಇಲ್ಲಿ ತಾನೊಬ್ಬನೇ! ಆದರೆ ಮಾವಿಸ್ ಅವನಿಗಿಂತ ಮೊದಲೇ ಹೇಳಿ ಮುಗಿಸಿದ್ದಳು: ಬೀದಿಯವರಾರೂ ಬರುವುದಿಲ್ಲ, ಕೋಣೆ ಒಂದೂ ಬೇಡ.

"ಕೋಣೆ... ನಮ್ಮ ಕೋಣೆ..." ಸಿರಿಲ್ ಏದುಸಿರು ಬಿಟ್ಟ.

"ಸಂಕೋಚ ಯಾಕೆ ಮಿಸ್ಟರ್ ಗ್ರಿಮ್‌ಶಾ," ಎಂದು ಮಿಸೆಸ್ ಪ್ರೌಟ್ ಅವನ ಕೈ ಹಿಡಿದುಕೊಂಡಳು. "ಒಬ್ರೂ ಬರದಿದ್ರೆ ಮನೆಗೆ ಬೀಗ ಹಾಕ್ತೀನಿ. ಮೂವತ್ತು ವರ್ಷದಲ್ಲಿ ಮೊದಲ ರಜ ನಂಗೆ! ಓಲ್ಡಮ್ಮಿನ ನಿಮ್ಮ ಮನೇಲಿ ಹಿಂಬದಿ ಕೋಣೆ ಖಾಲಿ ಇದೆಯಂತೆ, ಅಲ್ಲಿಗೆ ಬನ್ನಿ ಅಂತ ಮಾವಿಸ್ ಆಗ್ಲೇ ಕರೆದಿದ್ದಾಳೆ."