ದಳವಾಯಿಯ ಕುದುರೆ ಮತ್ತು ನಮ್ಮ ಭಾನುವಾರಗಳು

ಓದುವುದಕ್ಕೂ ವಿಮರ್ಶಾತ್ಮಕವಾಗಿ ಓದುವುದಕ್ಕೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಇಷ್ಟೇ: ಮೊದಲನೆಯದನ್ನು ಮಲಗಿಕೊಂಡು ಮಾಡಬಹುದು, ಎರಡನೆಯದಕ್ಕೆ ಎದ್ದು ಕೂರಬೇಕು. ವಾರವಿಡೀ ತುರುವೇಕೆರೆಯ ಕಚೇರಿಯೊಂದರಲ್ಲಿ ಪಹಣಿ ತಿದ್ದುಪಡಿಯ ಅರ್ಜಿಗಳನ್ನು ಓದಿ ಓದಿ ಕಣ್ಣು ಬತ್ತಿಸಿಕೊಂಡ ನನ್ನಂಥವಳಿಗೆ ಕಾದಂಬರಿ ಎಂದರೆ ಭಾನುವಾರ ಊಟವಾದ ಮೇಲೆ ಎದೆಯ ಮೇಲೆ ಇಟ್ಟುಕೊಳ್ಳುವ ಒಂದು ಸಾಮಾನು. ಒಂದೆರಡು ಪುಟಕ್ಕೆ ರೆಪ್ಪೆ ಭಾರವಾಗಬೇಕು, ಆಮೇಲೆ ಪುಸ್ತಕ ತಾನಾಗಿಯೇ ಮುಖದ ಮೇಲೆ ಕವಿದುಕೊಳ್ಳಬೇಕು. ಅಷ್ಟಾದರೆ ಅದು ಒಳ್ಳೆಯ ಕಾದಂಬರಿ. ಈ ಅಳತೆಗೋಲಿನಿಂದ ನೋಡಿದರೆ ಕನ್ನಡದ ಅನೇಕ ಮೇರುಕೃತಿಗಳು ನನ್ನ ಪೂರ್ಣ ಮೆಚ್ಚುಗೆಗೆ ಪಾತ್ರವಾಗಿವೆ. ಮುಗಿಸಿದ್ದು ಮಾತ್ರ ಒಂದನ್ನೂ ಇಲ್ಲ.

ಇಂಥ ನನ್ನನ್ನು ಎಬ್ಬಿಸಿ ಕೂರಿಸಿದವಳು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ವಿನುತಾ. ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಹುಡುಗಿ. ಒಳ್ಳೆಯವಳು, ಬುದ್ಧಿವಂತೆ, ನೀರಿನ ಟ್ಯಾಂಕು ತುಂಬಿ ಹರಿದರೆ ತಾನೇ ಓಡಿಹೋಗಿ ಮೋಟಾರು ಆರಿಸುವವಳು. ಆದರೆ ಅವಳಿಗೆ ದಣಿವು ಎಂದರೇನೆಂದು ಗೊತ್ತಿಲ್ಲ. ನನಗೆ ಅದರ ಹೊರತು ಬೇರೇನೂ ಅಷ್ಟಾಗಿ ಗೊತ್ತಿಲ್ಲ. ಬಂದು ಎರಡು ತಿಂಗಳಾಗುವಷ್ಟರಲ್ಲಿ ಅವಳು ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಓದುವ ಬಳಗ ಕಟ್ಟಿದಳು. ಮಿಕ್ಕವರಿಗೆಲ್ಲ ತಪ್ಪಿಸಿಕೊಳ್ಳಲು ಮಳೆ, ಬಿಸಿಲು, ದೂರ ಮುಂತಾದ ನೆಪಗಳಿದ್ದವು. ಬಳಗ ಸೇರುವ ಜಾಗಕ್ಕೆ ಹೋಗುವ ಮೆಟ್ಟಿಲು ನಮ್ಮ ಅಡುಗೆಮನೆಯ ಪಕ್ಕದಲ್ಲೇ ಇರುವುದರಿಂದ ನನಗೆ ಯಾವ ನೆಪವೂ ಇರಲಿಲ್ಲ.

ಓದುವುದಾದರೂ ಏನನ್ನು? ಎಲ್ಲೋ ಮುಚ್ಚಿಹೋದ ವಾಚನಾಲಯದಿಂದ ವಿನುತಾ ಒಂದು ಮೂಟೆ ಹಳೆಯ ಐತಿಹಾಸಿಕ ಪ್ರಣಯ ಕಾದಂಬರಿಗಳನ್ನು ಹೊತ್ತು ತಂದಿದ್ದಳು. ರಾಜ, ದಳವಾಯಿ, ಕೋಟೆ, ಕಮಲದ ಕೊಳ, ಮುಡಿ ಬಿಚ್ಚಿದರೆ ಮೋಡ ಕವಿಯುವಂಥ ರಾಜಕುಮಾರಿ. ನಮ್ಮ ಅಜ್ಜಿ, ಅಮ್ಮಂದಿರು ಪ್ರೀತಿ ಎಂದರೇನೆಂದು ಕಲಿತದ್ದೇ ಇವುಗಳಿಂದ, ಏನು ಕಲಿತರು ಎಂದು ನಾವು ನೋಡಬೇಡವೇ ಎಂದು ಅವಳ ವಾದ. ನಮ್ಮ ಅಮ್ಮ ಪ್ರೀತಿಯ ಬಗ್ಗೆ ಏನಾದರೂ ಕಲಿತಿದ್ದಳೆಂದು ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ, ಆದರೂ ತಲೆಯಾಡಿಸಿದೆ. ಎಲ್ಲರಿಗೂ ಒಂದೊಂದು ಪೆನ್ಸಿಲು ಕೊಟ್ಟಳು. ನಾಯಕಿ ತಾನಾಗಿ ಮಾತಾಡಿದ್ದು ಎಲ್ಲಿ, ಅವಳನ್ನು ಕೇಳದೆ ಎತ್ತಿಕೊಂಡು ಹೋದದ್ದು ಎಲ್ಲಿ ಎಂದು ಗುರುತು ಹಾಕಬೇಕಂತೆ. 

ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಒಂದು ಪುಸ್ತಕದಲ್ಲಿ ರಾಜಕುಮಾರಿಯ ಅಭ್ಯಂಜನ ಒಂದು ಇಡೀ ಅಧ್ಯಾಯ ನಡೆಯುತ್ತದೆ. ಒಬ್ಬಳು ಎಣ್ಣೆ ಹಚ್ಚುತ್ತಾಳೆ, ಒಬ್ಬಳು ನೀರು ಹೊಯ್ಯುತ್ತಾಳೆ, ಇನ್ನೊಬ್ಬಳು ಸಾಂಬ್ರಾಣಿ ಹಾಕುತ್ತಾಳೆ. ಇಲ್ಲಿ ಹೆಣ್ಣಿನ ದೇಹವನ್ನು ಗಂಡು ನೋಟದಿಂದ ಬಣ್ಣಿಸಲಾಗಿದೆ ಎಂದು ನಾನು ಅಂಚಿನಲ್ಲಿ ಬರೆಯಬೇಕಿತ್ತು. ನನಗೆ ಬಂದದ್ದು ಶುದ್ಧ ಹೊಟ್ಟೆಯುರಿ. ನನ್ನ ತಲೆಗೆ ಎಣ್ಣೆ ಬಿದ್ದು ಎಷ್ಟು ಕಾಲವಾಯಿತು ಎಂದು ಯೋಚಿಸುತ್ತ, ಮರೆತುಹೋದೀತೆಂದು ಆ ಅಂಚಿನಲ್ಲೇ ‘ಉದ್ದಿನಬೇಳೆ ನೆನೆಹಾಕಬೇಕು’ ಎಂದು ಬರೆದಿಟ್ಟೆ. ಮುಂದಿನ ಭಾನುವಾರ ವಿನುತಾ ಎಲ್ಲರ ಟಿಪ್ಪಣಿಗಳನ್ನೂ ಓದಿದಳು. ನನ್ನದನ್ನು ಎರಡು ಸಲ ಓದಿ, ಇದಕ್ಕೆ ಆಳವಾದ ಅರ್ಥವಿದೆ ಎಂದಳು. ನಮ್ಮತ್ತೆ ಮಾತ್ರ ನಾನು ಪೆನ್ಸಿಲು ಹಿಡಿದು ಕೂತಾಗಲೆಲ್ಲ ಬಡ್ತಿ ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದರು.

ಬಳಗದಲ್ಲಿ ನಿಜವಾಗಿ ಸಂತೋಷವಾಗಿದ್ದವರು ಎದುರುಮನೆಯ ಗಿರಿಜಮ್ಮ ಒಬ್ಬರೇ. ಎಪ್ಪತ್ತು ದಾಟಿದವರು. ಹಂದನಕೆರೆ ಕಡೆಯ ದೊಡ್ಡ ಕೂಡುಕುಟುಂಬದ ಸೊಸೆಯಾಗಿದ್ದವರು, ಈಗ ಮಗಳ ಜೊತೆ ಇಲ್ಲಿದ್ದಾರೆ. ವಿನುತಾಳ ಮೂಟೆ ಬಿಚ್ಚಿದ ದಿನ ಅವರು ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿ, ತವರಿನವರು ಸಿಕ್ಕಿದಂತೆ ಮಾತಾಡಿಸಿದರು. ಇವನ್ನೆಲ್ಲ ಮದುವೆಯಾದ ಹೊಸದರಲ್ಲೇ ಓದಿದ್ದಾರಂತೆ, ಕೆಲವನ್ನು ಬಾಯಲ್ಲೇ ಹೇಳಬಲ್ಲರಂತೆ. ಪೆನ್ಸಿಲನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟರು. ಪ್ರತಿ ಭಾನುವಾರ ಕೊಬ್ಬರಿ ಮಿಠಾಯಿ ತರುತ್ತಿದ್ದರು. ನಾನು ಮೆಟ್ಟಿಲು ಹತ್ತುತ್ತಿದ್ದದ್ದಕ್ಕೆ ಸಾಹಿತ್ಯದ ಪಾಲಿಗಿಂತ ಅದರ ಪಾಲೇ ಹೆಚ್ಚು.

ರಟ್ಟು ಹರಿದು ಹೆಸರೇ ಇಲ್ಲದ ಒಂದು ಕಾದಂಬರಿಯ ಸರದಿ ಬಂದ ದಿನ ತೊಂದರೆ ಶುರುವಾಯಿತು. ಅದರಲ್ಲಿ ದಳವಾಯಿ ವೀರಭುಜ ಎಂಬ ಮಹಾಶಯ, ಕೊಳದ ಹತ್ತಿರ ಹೂ ಕೊಯ್ಯುತ್ತಿದ್ದ ಕನಕಲತೆ ಎಂಬ ಹುಡುಗಿಯನ್ನು ಒಂದು ಮಾತೂ ಕೇಳದೆ ಕುದುರೆಯ ಮೇಲೆ ಎತ್ತಿ ಹಾಕಿಕೊಂಡು ಹೊರಟುಬಿಡುತ್ತಾನೆ. ಲೇಖಕರು ಅದನ್ನು ಪ್ರೇಮವೆಂದು ಕರೆದು ಹಿನ್ನೆಲೆಗೆ ಒಂದು ಕೋಗಿಲೆಯನ್ನೂ ಕೂಗಿಸಿದ್ದಾರೆ. ಇದು ಅಪಹರಣ, ಇವತ್ತಾಗಿದ್ದರೆ ಪೊಲೀಸ್ ಕೇಸಾಗುತ್ತಿತ್ತು ಎಂದಳು ವಿನುತಾ. ಎಲ್ಲರೂ ಹೌದೆಂದರು. ಗಿರಿಜಮ್ಮನೂ ಹೌದೆಂದರು. ಆಮೇಲೆ ತಣ್ಣಗೆ ಸೇರಿಸಿದರು: 

“ಆದ್ರೆ ಅವ್ಳು ಸುಮ್ನಿರ್ತಾಳಾ? ಹೊಳೆ ದಾಟೋವಾಗ ಲಗಾಮು ಕಿತ್ಕೊಂಡು ಅವನ್ನ ನೀರಿಗೆ ಕೆಡವ್ತಾಳೆ. ಕುದುರೆ ತಿರುಗಿಸ್ಕೊಂಡು ಹೋಗೇ ಬಿಡ್ತಾಳೆ. ಮುಂದಕ್ಕೆ ಓದು ಕಣಮ್ಮ, ಬತ್ತದೆ.”

ವಿನುತಾಳ ಮುಖ ಅರಳಿತು, ಆಮೇಲೆ ಗಲಿಬಿಲಿಯಾಯಿತು. ಅವಳು ಆ ಪುಸ್ತಕವನ್ನು ಆಗಲೇ ಪೂರ್ತಿ ಓದಿದ್ದಳು, ಅಂಥದ್ದೇನೂ ಇರಲಿಲ್ಲ. ಹೊಳೆ ದಾಟುವಾಗ ಕನಕಲತೆ ಮೂರ್ಛೆ ಹೋಗಿರುತ್ತಾಳೆ. ಕೊನೆಯ ಅಧ್ಯಾಯದಲ್ಲಿ ದಳವಾಯಿಯ ಪಾದಕ್ಕೆ ಹಣೆ ಹಚ್ಚಿ, ನಾನು ನಿಮ್ಮ ದಾಸಿ ಎನ್ನುತ್ತಾಳೆ. ವಿನುತಾ ಅದನ್ನು ಗಟ್ಟಿಯಾಗಿ ಓದಿ ತೋರಿಸಿದಳು. ಗಿರಿಜಮ್ಮ, ಇದು ಬೇರೆ ಅಚ್ಚಿರಬೇಕು, ಹಾಳೆ ಕಳೆದಿರಬೇಕು ಎಂದರು. ವಿನುತಾ ಪಾಪ, ಮೇಷ್ಟರ ಅಭ್ಯಾಸ, ಪುಟ ಸಂಖ್ಯೆಗಳು ಎಲ್ಲೂ ತಪ್ಪಿಲ್ಲವೆಂದು ಒಂದೊಂದೇ ಹಾಳೆ ತಿರುವಿ ತೋರಿಸಿದಳು. ಹಿಂದೆ ಕೂತಿದ್ದ ಒಬ್ಬರು, ವಯಸ್ಸಾದ ಮೇಲೆ ತಮ್ಮತ್ತೆಗೂ ಹೀಗೇ ಒಂದಕ್ಕೊಂದು ಕಲಸಿಹೋಗುತ್ತಿತ್ತು ಎಂದು ಪಿಸುಗುಟ್ಟಿದರು. ಅದು ಗಿರಿಜಮ್ಮನಿಗೆ ಕೇಳಿಸಿತು. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಪುಟವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ಮಡಿಸಿ, ಮೊಮ್ಮಗಳು ಬರುವ ಹೊತ್ತಾಯಿತೆಂದು ಎದ್ದು ಹೋದರು. ಅವತ್ತು ಭಾನುವಾರ. ಮೊಮ್ಮಗಳು ಮನೆಯಲ್ಲೇ ಇದ್ದಳು.

ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ವಿನುತಾ ಎರಡು ಸಲ ಅವರ ಮನೆ ಬಾಗಿಲಿಗೆ ಹೋಗಿ, ತಲೆನೋವು ಮತ್ತು ಮಂಡಿನೋವು ಎಂಬ ಉತ್ತರಗಳೊಂದಿಗೆ ವಾಪಸ್ಸು ಬಂದಳು. ಕೊನೆಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೀವೇ ಹೋಗಿ ನಾಗರತ್ನ ಮೇಡಂ ಎಂದು ಬೇಡಿಕೊಂಡಳು. ಪುಸ್ತಕದ ಜಗಳಕ್ಕೆ ಸಂಧಾನಗಾರ್ತಿಯಾಗಿ, ಪುಸ್ತಕವನ್ನೇ ಓದದವಳೆಂದು ಹೆಸರಾದ ನನ್ನನ್ನು ಆರಿಸಿದ್ದು ನನಗೂ ಆಶ್ಚರ್ಯ. ಕಚೇರಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಿಟ್ಟರೆ ಮತ್ತೆ ಹಾಕಿಕೊಳ್ಳುವ ಶಕ್ತಿ ಬರಲಾರದೆಂದು ಹಾಗೇ ರಸ್ತೆ ದಾಟಿದೆ.

ಗಿರಿಜಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡೆ. ಹೆಂಗಸರ ನಡುವೆ ಸಂಧಾನ ನಡೆಯಬೇಕಾದರೆ ಕೈಗೆ ಕೆಲಸವಿರಬೇಕು. ಕಾದಂಬರಿಯ ಮಾತನ್ನು ನಾನು ಎತ್ತಲಿಲ್ಲ, ಎತ್ತುವಷ್ಟು ಅದು ನನಗೆ ಗೊತ್ತೂ ಇರಲಿಲ್ಲ. ಅವರೇ ಶುರುಮಾಡಿದರು. ಮದುವೆಯಾಗಿ ಹೋದ ಮನೆಯಲ್ಲಿ ಓದು ಬರುತ್ತಿದ್ದದ್ದು ಅವರೊಬ್ಬರಿಗೇ. ಅಟ್ಟದಿಂದ ಒಣಗಿದ ತೆಂಗಿನಕಾಯಿ ಇಳಿಸಿ ಸುಲಿದ ಮೇಲೆ ಕರಟ ಬಿಡಿಸುವ ಕೆಲಸ ಹೆಂಗಸರದು. ಒಳಗಿನ ಕೊಬ್ಬರಿ ಉಂಡೆಯಾಗಿಯೇ ಇರಬೇಕು, ಏಟು ಜೋರಾದರೆ ಹೋಳಾಗಿ ಬೆಲೆ ಬೀಳುತ್ತದೆ, ಅತ್ತೆಯ ಬಾಯಿ ಏಳುತ್ತದೆ. ಬೇಜಾರು ಕಳೆಯಲೆಂದು ಇವರು ಓದಿದ ಕಾದಂಬರಿಗಳನ್ನು ಓರಗಿತ್ತಿಯರಿಗೆ ಹೇಳುತ್ತಿದ್ದರು. ಅವರಲ್ಲಿ ಕೊನೆಯವಳು ಜಯಮ್ಮ. ಬೇಡ ಬೇಡವೆಂದು ಅತ್ತರೂ ಕೇಳದೆ ಮದುವೆ ಮಾಡಿ ಕಳಿಸಿದ್ದ ಹುಡುಗಿ. ಬಂದ ದಿನದಿಂದ ಯಾರೊಂದಿಗೂ ಮಾತಿಲ್ಲ. 

“ಅವತ್ತು ಕನಕಲತೆ ಕತೆ ಹೇಳ್ತಿದ್ದೆ ಕಣೇ ನಾಗರತ್ನ. ಕುದ್ರೆ ಮೇಲೆ ಎತ್ತಾಕ್ಕೊಂಡ ಅಂದೆ. ಅವ್ಳು ಕೈಲಿದ್ದ ಕಾಯಿ ಕೆಳಗಿಟ್ಳು. ನನ್ನ ಮುಖಾನೇ ನೋಡ್ಕೊಂಡು, ಆಮೇಲೆ ಅವ್ಳೇನ್ ಮಾಡಿದ್ಲಕ್ಕ ಅಂತ ಕೇಳಿದ್ಲು. ಬಂದ್ಮೇಲೆ ಅದೇ ಮೊದ್ಲು ಬಾಯ್ಬಿಟ್ಟಿದ್ದು. ಕಾಲಿಗೆ ಬಿದ್ಲು ಅಂತ ಹೆಂಗೆ ಹೇಳ್ಲಿ?”

ಹಾಗಾಗಿ ಗಿರಿಜಮ್ಮ ಕನಕಲತೆಯ ಕೈಗೆ ಲಗಾಮು ಕೊಟ್ಟರು. ದಳವಾಯಿಯನ್ನು ಹೊಳೆಗೆ ಬೀಳಿಸಿದರು, ಅವನ ಪೇಟ ತೇಲಿಹೋಯಿತೆಂದೂ ಸೇರಿಸಿದರು. ಜಯಮ್ಮ ನಕ್ಕಳಂತೆ. ನಗುವಿನ ಭರದಲ್ಲಿ ಏಟು ಜೋರಾಗಿ ಕೊಬ್ಬರಿ ಹೋಳಾಗಿ, ಅತ್ತೆ ಬೈದು, ಬೈಸಿಕೊಂಡೂ ನಕ್ಕಳಂತೆ. ಆಮೇಲೆ ಪ್ರತಿ ವರ್ಷ ಕರಟ ಬಿಡಿಸುವ ಕಾಲಕ್ಕೆ ಅದೇ ಕತೆ ಬೇಕು, ಪೇಟದ ಸಮೇತ ಬೇಕು. 

“ಹೇಳೀ ಹೇಳೀ ಪುಸ್ತಕದಾಗೇ ಹಂಗಿತ್ತು ಅನ್ಕೊಂಬುಟ್ಟಿದ್ದೆ. ನಾನೇ ಕಟ್ಟಿದ್ದು ಅನ್ನೋದೇ ಮರ್ತೋಗಿತ್ತು. ಅವತ್ತು ಆ ಹುಡುಗಿ ಓದಿದ್ಮೇಲೆ ಗ್ಯಾನ ಬಂತು. ಜಯಮ್ಮ ಈಗಿಲ್ಲ ಕಣೇ. ಅವ್ಳಿಗೆ ಕೊನೇವರ್ಗೂ ನಿಜ ಹೇಳ್ಲೇ ಇಲ್ವಲ್ಲ ಅಂತ ಒಂಥರಾ ಆಗೋಯ್ತು.”

ನನಗೆ ಅರ್ಜಿಗಳಿಗೆ ಹಿಂಬರಹ ಕೊಡುವುದು ಗೊತ್ತು, ಇಂಥದ್ದಕ್ಕೆ ಗೊತ್ತಿಲ್ಲ. ಅವರೆಕಾಯಿ ಮುಗಿಯುವವರೆಗೂ ಕೂತಿದ್ದು ಎದ್ದು ಬಂದೆ. ವಿನುತಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಯಾವಾಗಲೂ ಮಾತಿಗೆ ಮುಂಚೆ ಮಾತು ಸಿದ್ಧವಿರುವ ಹುಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಮುಖ ತೊಳೆದು ಒಬ್ಬಳೇ ರಸ್ತೆ ದಾಟಿದಳು. ಅಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಮುಂದಿನ ಭಾನುವಾರ ಬಳಗ ಸೇರಿದ್ದು ಗಿರಿಜಮ್ಮನ ಜಗುಲಿಯಲ್ಲಿ. ಪುಸ್ತಕವಿಲ್ಲ, ಪೆನ್ಸಿಲಿಲ್ಲ. ಅವರು ಕನಕಲತೆಯ ಕತೆಯನ್ನು ಮೊದಲಿನಿಂದ ಹೇಳಿದರು. ನಾನು ನಿದ್ದೆ ಮಾಡದೆ ಕೊನೆ ಮುಟ್ಟಿಸಿದ ಏಕೈಕ ಕಾದಂಬರಿ ಅದು. ವಯಸ್ಸಿನ ಬಗ್ಗೆ ಪಿಸುಗುಟ್ಟಿದ್ದವರು ಪೇಟ ತೇಲಿಹೋದಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೂ ವಿನುತಾ ತನ್ನ ಪಟ್ಟು ಪೂರ್ತಿ ಬಿಡಲಿಲ್ಲ. ಬರೆದದ್ದು ಏನೆಂದೂ ನಾವು ಓದಿ ತಿಳಿಯಲೇಬೇಕಲ್ಲವೇ ಅಮ್ಮ ಎಂದಳು. ಗಿರಿಜಮ್ಮ ಒಪ್ಪಿದರು. ಅವನು ಹಾಗೆ ಬರೆದಿದ್ದಾನೆಂದು ಗೊತ್ತಿದ್ದುದರಿಂದಲೇ ಅಲ್ಲವೇ ನಾನು ಹೀಗೆ ಹೇಳಿದ್ದು ಎಂದರು.

ಇಬ್ಬರಿಗೂ ರಾಜಿಯಾದದ್ದು ನನಗೆ ಸಂತೋಷ. ಆದರೆ ದೊಡ್ಡವರು ರಾಜಿಯಾದಾಗಲೆಲ್ಲ ಕೆಲಸ ಬೀಳುವುದು ನನ್ನಂಥವರ ತಲೆಗೆ. ಬಳಗಕ್ಕೆ ಹೊಸ ನಿಯಮ ಬಂತು. ಪುಸ್ತಕವನ್ನು ಪೆನ್ಸಿಲು ಹಿಡಿದು ಓದಲೂ ಬೇಕು, ಆಮೇಲೆ ಪ್ರತಿಯೊಬ್ಬರೂ ತಮ್ಮದೇ ಒಂದು ಕೊನೆ ಕಟ್ಟಿ ತರಲೂ ಬೇಕು. ಕನಕಲತೆಯಿಂದಲೇ ಶುರುವಾಯಿತು. ವಿನುತಾಳ ಕನಕಲತೆ ಕೋಟೆಗೆ ಒಡತಿಯಾಗಿ ಹೆಣ್ಣುಮಕ್ಕಳಿಗೆ ಪಾಠಶಾಲೆ ತೆರೆದಳು. ಕೊಬ್ಬರಿ ಮಂಡಿಯವರ ಮನೆಯ ಸೊಸೆಯ ಕನಕಲತೆ ಕುದುರೆಯನ್ನು ಒಳ್ಳೆಯ ಬೆಲೆಗೆ ಮಾರಿ ತೋಟ ಕೊಂಡಳು. 

ನನ್ನ ಸರದಿ ಬಂತು. ಆ ವಾರ ಅತ್ತೆಗೆ ಜ್ವರ, ಯಜಮಾನರು ಊರಲ್ಲಿಲ್ಲ, ಕಚೇರಿಯಲ್ಲಿ ಲೆಕ್ಕಪರಿಶೋಧನೆ. ಬಸ್ಸಿಗೆ ಕಾಯುತ್ತ ನಿಂತಲ್ಲೇ ಬರೆದದ್ದನ್ನು ಓದಿದೆ. ನನ್ನ ಕನಕಲತೆ ಹೊಳೆಯ ಮಧ್ಯದಲ್ಲಿ ಎಚ್ಚರಗೊಳ್ಳುತ್ತಾಳೆ. ಲಗಾಮು ಕೈಗೆ ಎಟುಕುವಷ್ಟೇ ಹತ್ತಿರದಲ್ಲಿದೆ. ಅವಳು ಅದನ್ನು ನೋಡುತ್ತಾಳೆ. ನೋಡಿ, ಎಷ್ಟು ದೂರವಿದೆ ಎಂದು ದಳವಾಯಿಯನ್ನು ಕೇಳುತ್ತಾಳೆ. ಇನ್ನೂ ಬಹಳ ದೂರ ಎನ್ನುತ್ತಾನೆ ಅವನು. ಸರಿ, ಅಲ್ಲಿಯವರೆಗೂ ನೀವೇ ಹಿಡಿದುಕೊಂಡಿರಿ, ಊರು ಬಂದಾಗ ಎಬ್ಬಿಸಿ, ಆಗ ನಿಮ್ಮನ್ನು ನೀರಿಗೆ ತಳ್ಳುತ್ತೇನೆ ಎಂದು ಹೇಳಿ ಮತ್ತೆ ಕಣ್ಣು ಮುಚ್ಚುತ್ತಾಳೆ.

ವಿನುತಾ ಬಾಯಿ ತೆರೆದು, ಗಿರಿಜಮ್ಮನ ಮುಖ ನೋಡಿ ಮುಚ್ಚಿದಳು. ಗಿರಿಜಮ್ಮ ಮಿಠಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿ, “ತಿನ್ನು ಬುಡು ಕಣೇ. ಊರು ಬಂದ್ಮೇಲೆ ಹೊಳೆ ಎಲ್ಲಿರ್ತದೆ ತಳ್ಳಕ್ಕೆ?” ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.