ಚಪ್ಪಲಿಗಳ ಸರದಿ

ಇಪ್ಪತ್ತು ವರ್ಷದಿಂದ ಕುಮಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ನಾನು ಹೇಳಿದ್ದು ಮಕ್ಕಳ ತಲೆಗೆ ಹತ್ತುವುದಿಲ್ಲ ಎಂಬ ಕೊರಗು ನನಗಿಲ್ಲ. ಹತ್ತಿದಾಗಲೇ ಫಜೀತಿ.

೧. ಕಿಟಕಿ

"ಪ್ರೋಗ್ರಾಮಿನಲ್ಲಿ ಕ್ಯೂ ಎಂದರೆ ಸರದಿ ಸಾಲು. ಹಿಂದಿನಿಂದ ಸೇರಬೇಕು, ಮುಂದಿನಿಂದ ಹೊರಬೀಳಬೇಕು. ಮೊದಲು ಬಂದವರಿಗೆ ಮೊದಲ ಸರದಿ. ನಡುವೆ ತೂರುವಂತಿಲ್ಲ" ಎಂದು ವಿವರಿಸಿ ಉದಾಹರಣೆ ಕೇಳಿದೆ.

"ಭಟ್ಕಳದ ಬಸ್ಸು ಸರ್" ಎಂದಳು ಒಬ್ಬಳು.

"ಸರಿ. ಅಲ್ಲಿ ಮೊದಲ ಸೀಟು ಯಾರಿಗೆ?"

"ಕಿಟಕಿಯಿಂದ ಟವೆಲ್ ಒಗೆದವ್ರಿಗೆ."

೨. ಖಾಲಿ ಸಾಲು

ಹೊನ್ನಾವರದ ವಿದ್ಯಾರ್ಥಿನಿಯೊಬ್ಬಳು ಇದೇ ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳು. ಪ್ರಾಜೆಕ್ಟಾದರೂ ಕೈಹಿಡಿಯಲಿ ಎಂದು ತನ್ನೂರಿನ ದವಾಖಾನೆಗೆ ಸರದಿ ಕರೆಯುವ ಪ್ರೋಗ್ರಾಂ ಬರೆದು ತಂದಳು.

"ಸಾಲು ಖಾಲಿ ಇರುವಾಗ ಮುಂದಿನವರನ್ನು ಕರೆದರೆ ಏನಾಗ್ತದೆ?" ಎಂದೆ. ಪುಸ್ತಕದ ಪ್ರಕಾರ ಪ್ರೋಗ್ರಾಂ ತಪ್ಪು ತೋರಿಸಿ ನಿಂತುಬಿಡಬೇಕು.

"ಡಾಕ್ಟ್ರು ಊಟಕ್ಕೆ ಹೋಗ್ತ್ರು ಸರ್."

ಪುಸ್ತಕ ಬರೆದವರಿಗೆ ಹಸಿವೆಯ ವಿಚಾರ ಹೊಳೆದಿರಲಿಕ್ಕಿಲ್ಲ. ದವಾಖಾನೆಯಲ್ಲಿ ಪ್ರೋಗ್ರಾಂ ಒಂದು ಬೆಳಿಗ್ಗೆ ಪೂರ್ತಿ ತಕರಾರಿಲ್ಲದೆ ನಡೆದರೆ ಪಾಸು, ಇಲ್ಲದಿದ್ದರೆ ಮೂರನೇ ಸಲ ಫೇಲು ಎಂದು ಹೇಳಿ ಕಳಿಸಿದೆ.

೩. ಕಂದು ಬಣ್ಣದ್ದು

ಆ ಬೆಳಿಗ್ಗೆ ನಾನೇ ನೋಡಲು ಹೋದೆ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಬೆಂಚಿನ ತುದಿಯಲ್ಲಿ ಕೂತೆ.

ಆ ದವಾಖಾನೆಯಲ್ಲಿ ಮೊದಲಿನಿಂದಲೂ ಸರದಿಗೆ ನಿಲ್ಲುವುದು ಚಪ್ಪಲಿ. ಜನ ಚಪ್ಪಲಿಯನ್ನು ಸಾಲಾಗಿ ಬಿಟ್ಟು ಹಾಯಾಗಿ ಪಟ್ಟಾಂಗ ಹೊಡೆಯುತ್ತಾರೆ. ಕೌಂಟರಿನ ಅಕ್ಕ ಪ್ರೋಗ್ರಾಮಿನಲ್ಲಿ ಹೆಸರಿನ ಜಾಗಕ್ಕೆ ಚಪ್ಪಲಿಯನ್ನೇ ಟೈಪ್ ಮಾಡಿದ್ದರು.

"ಬಾರು ಹರಿದ ಕಪ್ಪು" ಎಂದು ಪರದೆ ನೋಡಿ ಕೂಗಿದರು. ಒಬ್ಬ ಅಜ್ಜ ಎದ್ದು ಒಳಗೆ ಹೋದರು. "ನೀಲಿ ಹವಾಯಿ." ಒಬ್ಬ ಅಮ್ಮ ಎದ್ದರು. ಒಂದೂ ಜಗಳವಿಲ್ಲ. ನನಗೆ ನಿಜಕ್ಕೂ ಹೆಮ್ಮೆಯಾಯಿತು.

"ಹಿಮ್ಮಡಿ ಸವೆದ ಕಂದು."

ಯಾರೂ ಏಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

"ನಂಗೆ ಎಂತ ಕಾಯಿಲೆಯೂ ಇಲ್ಲ ಅಕ್ಕ. ಅದನ್ನು ಅಳಿಸಿ."

"ಅಳಿಸೂಕೆ ಬರೂದಿಲ್ಲ ಮಾಸ್ತರ್ರೇ. ಮುಂದಿದ್ದವ್ರು ಒಳಗೆ ಹೋದ್ರೆ ಮಾತ್ರ ಹಿಂದಿನವ್ರ ಸರದಿ. ನೀವೇ ಕಲಿಸಿದ್ದಂತೆ, ನಿಮ್ಮ ಶಿಷ್ಯೆ ಹೇಳ್ತು."

ನನ್ನ ಹಿಂದೆ ಹನ್ನೊಂದು ಜೊತೆ ಚಪ್ಪಲಿ ಕಾಯುತ್ತಿದ್ದವು. ಕೌಂಟರಿನ ಪಕ್ಕದಲ್ಲಿದ್ದ ಶಿಷ್ಯೆಯ ಮುಖ ಬಿಳಿಚಿಕೊಂಡಿತ್ತು. ನಾನು ಏಳದಿದ್ದರೆ ತಕರಾರು, ತಕರಾರಾದರೆ ಅವಳು ಫೇಲು. ಎದ್ದು ಒಳಗೆ ಹೋದೆ.

ಅವಳು ಪಾಸಾದಳು. ಒಳಗೆ ನಡೆದ ಬಿ.ಪಿ. ಪರೀಕ್ಷೆಯಲ್ಲಿ ನಾನು ಫೇಲಾದೆ.